ನಕಾಶೆಯಲ್ಲಿರುವ ಬಂಡಿದಾರಿ, ನೆಲದ ಮೇಲೆ ಎಲ್ಲಿ?

ಯಂಕಂಚಿಯಲ್ಲಿ ‘ಗ್ರಾವೆಲ್ ಬೈಕಿಂಗ್’ ಅಂದರೆ ಯಾರಿಗೂ ತಿಳಿಯುವುದಿಲ್ಲ. ‘ಗರಸಿನ ದಾರಿ ಮ್ಯಾಲೆ ಸೈಕಲ್ ಹೊಡಿಯೋದು’ ಅಂದರೆ, ‘ಅದನ್ನೇನು ಹೊಸದಾಗಿ ಕಲೀಬೇಕೇನು?’ ಅಂತ ನಗುತ್ತಾರೆ. ಅವರ ಮಾತೂ ಖರೆ. ಬುತ್ತಿ ಗಂಟನ್ನು ಹ್ಯಾಂಡಲ್ಲಿಗೆ ಸಿಕ್ಕಿಸಿಕೊಂಡು ಡಾಂಬರು ಕಾಣದ ದಾರಿಯಲ್ಲಿ ಹೊಲಕ್ಕೆ ಹೋದವರು ಸಿಂದಗಿ, ಇಂಡಿ, ಮುದ್ದೇಬಿಹಾಳ, ಬಸವನಬಾಗೇವಾಡಿ ಕಡೆ ಮನೆಗೊಬ್ಬರು ಸಿಗುತ್ತಾರೆ. ಹೊರದೇಶದವರು ಇದಕ್ಕೊಂದು ಹೆಸರಿಟ್ಟು, ಅದಕ್ಕೇ ಬೇರೆ ಸೈಕಲ್ ಮಾಡಿದ್ದಾರೆ. ಹ್ಯಾಂಡಲ್ ರೇಸ್ ಸೈಕಲ್ಲಿನಂತೆ ಬಾಗಿರುತ್ತದೆ, ಟೈರ್ ಮಾತ್ರ 40 ಮಿಲಿಮೀಟರ್ ಆಸುಪಾಸು ದಪ್ಪ. ಒಳ್ಳೆಯದು ಬೇಕೆಂದರೆ ಒಂದು ಎಮ್ಮೆಯ ದುಡ್ಡು ಬೇಕು.

ನಮ್ಮ ಹತ್ತಿರ ಅದಿಲ್ಲ. ನಾವು ಮೂವರು. ಒಬ್ಬ ಪತ್ರಿಕೆಗೆ ಸುದ್ದಿ ಕಳಿಸುವವ, ಒಬ್ಬ ಹೈಸ್ಕೂಲ್ ಮಾಸ್ತರ, ಒಬ್ಬ ಪಂಕ್ಚರ್ ಅಂಗಡಿಯವ. ಮೂರೂ ಹಳೇ ಸೈಕಲ್. ಅದರಲ್ಲಿ ಒಂದು, ಸರ್ಕಾರ 2006–07ರಿಂದ ಎಂಟನೇ ತರಗತಿಯವರಿಗೆ ಕೊಡಲು ಶುರುಮಾಡಿದ ಸೈಕಲ್ಲು. ಆ ಯೋಜನೆ ಕೋವಿಡ್ ಬಂದ ಮೇಲೆ ನಿಂತಿತು, ಸೈಕಲ್ಲು ಇನ್ನೂ ಓಡುತ್ತಿದೆ. ಅದರ ಮಡ್‌ಗಾರ್ಡ್ ಬಿಚ್ಚಿ, ಹಿಂದಿನ ಟೈರ್ ಬದಲಿಸಿ, ಚಳಿಗಾಲದ ರಜೆ ದಿನಗಳಲ್ಲಿ ಹೊಳೆ ದಂಡೆಯ ಬಂಡಿದಾರಿಗಳನ್ನು ಹುಡುಕಿಕೊಂಡು ಹೊರಟೆವು. ಭೀಮಾ, ಡೋಣಿ, ಕೃಷ್ಣಾ ಮೂರೂ ನೋಡುವುದು ಅಂತ ಲೆಕ್ಕ.

ಹುಡುಕುವುದು ಹೇಗೆ ಅಂತ ಕೇಳಬಹುದು. ಗೂಗಲ್ ನಕ್ಷೆ ಇಲ್ಲಿ ಅರ್ಧಕ್ಕೆ ಕೈ ಬಿಡುತ್ತದೆ. ನಮಗೆ ದಾರಿ ತೋರಿಸಿದ್ದು ಊರಿನ ಕಂದಾಯ ನಕಾಶೆ. ಭೂದಾಖಲೆ ಇಲಾಖೆಯ ವೆಬ್‌ಸೈಟಿನಲ್ಲಿ ಹಳ್ಳಿವಾರು ನಕಾಶೆ ಸಿಗುತ್ತದೆ, ಮೊಬೈಲಿನಲ್ಲೇ ಇಳಿಸಿಕೊಳ್ಳಬಹುದು. ಅದರಲ್ಲಿ ಜೋಡಿ ಚುಕ್ಕಿ ಗೆರೆ ಇದ್ದರೆ ಬಂಡಿದಾರಿ, ಒಂದೇ ಚುಕ್ಕಿ ಗೆರೆ ಇದ್ದರೆ ಕಾಲುದಾರಿ. ದಿಶಾಂಕ್ ಆ್ಯಪ್ ತೆರೆದರೆ ನೀವು ಯಾವ ಸರ್ವೆ ನಂಬರಿನಲ್ಲಿ ನಿಂತಿದ್ದೀರಿ ಅನ್ನುವುದೂ ತಿಳಿಯುತ್ತದೆ. ಇವೆರಡನ್ನೂ ಜೋಡಿಸಿಕೊಂಡರೆ ಅಜ್ಜಂದಿರು ಚಕ್ಕಡಿ ಹೊಡೆದ ದಾರಿ ಅಂಗೈಯಲ್ಲೇ ಕಾಣುತ್ತದೆ. ಜೋಡಿ ಗೆರೆಗಳು ಹಳ್ಳ ದಾಟುತ್ತವೆ, ಮಡ್ಡಿ ಹತ್ತುತ್ತವೆ, ಕೊನೆಗೆ ಹೊಳೆಗೆ ಇಳಿಯುತ್ತವೆ.

ನಕಾಶೆಯಲ್ಲಿ ಕಾಣುತ್ತದೆ ಅಂದೆವು. ನೆಲದ ಮೇಲೆ ಬೇರೆ ಕಥೆ.

ಮೊದಲು ಭೀಮಾ. ಆಲಮೇಲ ದಾಟಿ ದೇವಣಗಾಂವ ಕಡೆ ಹೋದರೆ ಹೊಳೆಯ ಗಾಳಿ ಮುಖಕ್ಕೆ ಬಡಿಯುತ್ತದೆ. ಎರಡೂ ಕಡೆ ಕಬ್ಬು, ನಡುವೆ ಟ್ರ್ಯಾಕ್ಟರ್ ಗಾಲಿ ಕೊರೆದ ಎರಡು ಗೆರೆ. ಸೈಕಲ್ಲು ಒಂದು ಗೆರೆ ಹಿಡಿದರೆ ಇನ್ನೊಂದಕ್ಕೆ ದಾಟುವುದು ಕಷ್ಟ. ದಂಡೆಯ ಹತ್ತಿರ ಹೋದಂತೆ ಜಾಲಿ ದಟ್ಟವಾಗುತ್ತದೆ, ಬೇವಿನ ಮರ ಅಲ್ಲಲ್ಲಿ ನೆರಳು ಕೊಡುತ್ತದೆ, ನವಿಲು ಕೂಗುವುದು ಕೇಳುತ್ತದೆ. ನಮ್ಮ ಜಿಲ್ಲೆಯಲ್ಲಿ ಅರಣ್ಯ ಶೇಕಡಾ ಒಂದರಷ್ಟೂ ಇಲ್ಲ ಅನ್ನುವ ಮಾತನ್ನು ಎಷ್ಟು ಸಲ ಸುದ್ದಿಯಲ್ಲಿ ಬರೆದಿದ್ದೇವೋ! ಹಾಗಾಗಿ ನಮಗೆ ಕಾಡು ಅಂದರೆ ಇದೇ: ಯಾರೂ ನೆಡದೆ, ಹೊಳೆಯ ಹಸಿಗೆ ತಾನೇ ಬೆಳೆದ ಜಾಲಿ ಮೆಳೆ. ದಾಂಡೇಲಿ ನೋಡಿ ಬಂದವರಿಗೆ ನಗು ಬಂದೀತು. ಜನವರಿಯ ಮುಂಜಾನೆ ಏಳಕ್ಕೆ ಅಲ್ಲಿ ಸೈಕಲ್ ಇಳಿದು ನಿಂತರೆ ಆ ನಗು ಉಳಿಯುವುದಿಲ್ಲ ಅನ್ನುವುದು ನಮ್ಮ ಅಭಿಪ್ರಾಯ. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ಹರಿದದ್ದು ನಿಮಗೂ ನೆನಪಿರಬೇಕು. ಕೆಲವು ಕಡೆ ದಂಡೆಯ ದಾರಿ ಕೊರೆದು ಹೋಗಿದೆ. ಅಲ್ಲಿ ಇಳಿದು ತಳ್ಳಿಕೊಂಡೇ ಹೋಗಬೇಕು.

ಹೀಗೆ ತಳ್ಳಿಕೊಂಡು ಹೋಗುತ್ತಿದ್ದಾಗ ಒಂದು ಕಡೆ ದಾರಿ ಪೂರ್ತಿ ಮುಗಿಯಿತು. ಮುಂದೆ ಜೋಳದ ಹೊಲ. ನಕಾಶೆಯಲ್ಲಿ ಜೋಡಿ ಗೆರೆ ಅದೇ ಹೊಲದ ಅಂಚಿನಲ್ಲಿ ಹೊಳೆಯವರೆಗೆ ಹೋಗಿದೆ. ಬದುವಿನ ಮೇಲೆ ಕೂತಿದ್ದ ಹಿರಿಯರು ನಮ್ಮನ್ನೇ ನೋಡುತ್ತಿದ್ದರು.

“ಎಲ್ಲಿಗ್ರೋ ತಮ್ಮಾ, ಸೈಕಲ್ ತಗೊಂಡು?”

“ಹೊಳಿಗೆ ಕಾಕಾ. ಇಲ್ಲೊಂದು ದಾರಿ ಇತ್ತಲ್ರೀ?”

“ಇತ್ತು. ನಕಾಶೆದಾಗ ಈಗೂ ಐತಿ, ನನಗ ಗೊತ್ತಿಲ್ಲೇನು? ಟ್ರ್ಯಾಕ್ಟರ್ ಬಂದ ಮ್ಯಾಲೆ ದಾರಿ ಅಗಲ ಆಗಕೋಂತ ನನ್ನ ಹೊಲದಾಗ ಬಂತು. ಎರಡು ಸಾಲು ಹೋತು, ನಾಕು ಸಾಲು ಹೋತು. ಆ ಕಡಿಯವ ಒಂದು ಗೇಣು ಬಿಡವಲ್ಲ. ಕಡೀಕ ನಾನೂ ನೇಗಿಲಾ ಹೊಡದ್ನಿ.”

ಆಚೆ ಕಡೆಯವರನ್ನೂ ಕೇಳಿದೆವು. ಅವರ ಲೆಕ್ಕದಲ್ಲಿ ತಪ್ಪು ಕಾಕಾನದು. ಇವರಿಬ್ಬರ ಜಗಳದಲ್ಲಿ ಸೋತದ್ದು ಹಿಂದಿನ ಹೊಲಗಳವರು. ಅವರ ಕಬ್ಬು ಕಟಾವಾದರೆ ಗಾಡಿ ಬರಲು ದಾರಿಯಿಲ್ಲ. ಹೆಂಗಸರು ತಲೆಹೊರೆಯಲ್ಲಿ ಹೊತ್ತು ಡಾಂಬರು ರಸ್ತೆಗೆ ಹಾಕುತ್ತಾರೆ. ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಲು ಇಡೀ ಓಣಿ ಬಂಡಿ ಕಟ್ಟಿಕೊಂಡು ಹೋಗುತ್ತಿದ್ದ ದಾರಿಯಂತೆ ಅದು. ಈಗ ಬುತ್ತಿ ಹೊತ್ತುಕೊಂಡು ಸುತ್ತಿ ಹೋಗುತ್ತಾರೆ, ವಯಸ್ಸಾದವರು ಮನೆಯಲ್ಲೇ ಉಳಿಯುತ್ತಾರೆ. ಸೈಕಲ್ ಸವಾರಿಗೆ ಹೋದವರಿಗೆ ಇದನ್ನು ಕೇಳಿದ ಮೇಲೆ ಸವಾರಿಯ ಮಾತು ಹಿಂದೆ ಬಿತ್ತು.

ಇಲ್ಲಿ ಇಟಲಿಯ ಒಂದು ಸಂಗತಿ ಹೇಳಬೇಕು. ಅಲ್ಲಿನ ಟಸ್ಕನಿ ಪ್ರಾಂತದಲ್ಲಿ ದ್ರಾಕ್ಷಿ ತೋಟಗಳ ನಡುವೆ ಬಿಳಿ ಗರಸಿನ ಹಳ್ಳಿದಾರಿಗಳಿವೆ. ಒಂದೊಂದಾಗಿ ಡಾಂಬರು ಬಿದ್ದು ಅವು ಕಾಣೆಯಾಗುತ್ತಿದ್ದವು. 1997ರಲ್ಲಿ ಗಾಯೋಲೆ ಅನ್ನುವ ಸಣ್ಣ ಊರಿನಲ್ಲಿ ಜಾನ್‌ಕಾರ್ಲೊ ಬ್ರೋಚ್ಚಿ ಎಂಬುವರು ಹಳೇ ಸೈಕಲ್ಲುಗಳ ಒಂದು ಸವಾರಿ ಶುರುಮಾಡಿದರು, ಹೆಸರು ‘ಲೆರೋಯಿಕಾ’. ಆ ದಾರಿಗಳು ಉಳಿಯಲಿ ಅನ್ನುವುದೇ ಅದರ ಒಂದು ಉದ್ದೇಶ. ಈಗ ಅಲ್ಲಿಗೆ ದೇಶದೇಶದಿಂದ ಸವಾರರು ಬರುತ್ತಾರೆ. ಅಮೆರಿಕದ ಕಾನ್ಸಾಸ್ ರಾಜ್ಯದ್ದು ಇನ್ನೂ ನಮ್ಮಂಥ ನೆಲ: ಬಯಲು, ಹೊಲ, ದನ, ಚೂಪು ಕಲ್ಲು. ಎಂಪೋರಿಯಾ ಅನ್ನುವ ಊರಿನಲ್ಲಿ 2006ರಿಂದ 200 ಮೈಲಿಯ ಗರಸಿನ ರೇಸ್ ನಡೆಯುತ್ತಿದೆ, ಅಂದರೆ ಸುಮಾರು 320 ಕಿಲೋಮೀಟರ್. 2022ರಿಂದ ಈ ಆಟಕ್ಕೆ ವಿಶ್ವ ಚಾಂಪಿಯನ್‌ಶಿಪ್ ಕೂಡ ಇದೆ. ವಿಜಯಪುರ, ಬಾಗಲಕೋಟೆ ಕಡೆಯ ರೈತರ ಮಕ್ಕಳು ರಾಜ್ಯದ ಸೈಕ್ಲಿಂಗ್‌ನಲ್ಲಿ ಮೊದಲಿಂದಲೂ ಮುಂದೆ. ಅವರಲ್ಲಿ ಒಬ್ಬರಾದರೂ ಗರಸಿನ ಮೇಲೆ ದೊಡ್ಡ ಹೆಸರು ಮಾಡಬಾರದೇಕೆ? ಅಭ್ಯಾಸದ ಮೈದಾನ ಊರ ಹೊರಗೇ ಇದೆ, ಯಾರೂ ನೇಗಿಲು ಹೊಡೆಯದಿದ್ದರೆ.

ಇಟಲಿಯವರಿಗೆ ಡಾಂಬರಿನ ಭಯ, ನಮಗೆ ನೇಗಿಲಿನ ಭಯ. ವ್ಯತ್ಯಾಸ ದೊಡ್ಡದೇ. ನಮ್ಮ ಊರಿನವರಿಗೆ ಡಾಂಬರು ಬೇಡ ಅನ್ನುವ ಧೈರ್ಯ ನಮಗಿಲ್ಲ, ಅನ್ನಲೂಬಾರದು. ಮಳೆಗಾಲದ ಎರಿ ಮಣ್ಣಿನಲ್ಲಿ ಬಾಣಂತಿಯನ್ನು ಆಸ್ಪತ್ರೆಗೆ ಕರೆದೊಯ್ದವರಿಗೆ ಗರಸಿನ ಚೆಂದ ಹೇಳಿದರೆ ಬೈಸಿಕೊಳ್ಳಬೇಕಾದೀತು. ನಾವು ಕೇಳುವುದು ಇಷ್ಟೇ: ದಾರಿ ಇರಲಿ. ಮೇಲೆ ಏನು ಹಾಕಬೇಕು ಅನ್ನುವುದು ಆಮೇಲಿನ ಮಾತು.

ಕಾನೂನು ದಾರಿಯ ಪರವಾಗಿಯೇ ಇದೆ. 2023ರಲ್ಲಿ ಕಂದಾಯ ಇಲಾಖೆ ತಹಶೀಲ್ದಾರರಿಗೆ ಸುತ್ತೋಲೆ ಕಳಿಸಿ, ನಕಾಶೆಯಲ್ಲಿರುವ ಕಾಲುದಾರಿ, ಬಂಡಿದಾರಿಗಳನ್ನು ಯಾರಾದರೂ ಮುಚ್ಚಿದ್ದರೆ ತೆರವು ಮಾಡಿಸಿ ಎಂದಿತು. ನಕಾಶೆಯಲ್ಲಿ ಇಲ್ಲದಿದ್ದರೂ, 20 ವರ್ಷ ತಡೆಯಿಲ್ಲದೆ ಹಕ್ಕಿನಿಂದ ಓಡಾಡಿದ ದಾರಿಯಾದರೆ 1882ರ ಈಸ್‌ಮೆಂಟ್ ಕಾಯ್ದೆಯಂತೆ ಸಿವಿಲ್ ಕೋರ್ಟಿನಲ್ಲಿ ಕೇಳಬಹುದು. ಕೋರ್ಟ್ ಅಂದರೆ ವರ್ಷಾನುಗಟ್ಟಲೆ. ಹಾಗಾಗಿ ಮೊದಲು ನಕಾಶೆ ತೆಗೆದು ನೋಡಿರಿ, ಜೋಡಿ ಚುಕ್ಕಿ ಗೆರೆ ಇದ್ದರೆ ತಹಶೀಲ್ದಾರ್ ಕಚೇರಿಗೆ ಅರ್ಜಿ ಕೊಡಿರಿ.

ಡೋಣಿಯ ದಾರಿ ಹೇಳಲು ಹೆಚ್ಚಿಲ್ಲ. ಡೋಣಿ ಸಾಲು ಬೆಳೆದರೆ ಓಣಿಯೆಲ್ಲ ಕಾಳು ಅಂತ ಹಿರಿಯರು ಹೇಳುವ ಹೊಳೆ ಅದು. ನೀರು ಸವಳು, ಪಾತ್ರದ ತುಂಬ ಹೂಳು ಮತ್ತು ಜಾಲಿ. ತಾಳಿಕೋಟೆ ಹತ್ತಿರ ಹಡಗಿನಾಳದ ತಗ್ಗು ಸೇತುವೆ ದೊಡ್ಡ ಮಳೆಗೆ ಮುಳುಗುತ್ತದೆ. ಆಕಾಶ ಕಪ್ಪಗಿದ್ದರೆ ಆ ಕಡೆ ಸೈಕಲ್ ತಿರುಗಿಸಬೇಡಿರಿ. ದಂಡೆಯ ಎರಿ ಹೊಲದಲ್ಲಿ ಒಂದು ಹನಿ ಬಿದ್ದರೂ ಮಣ್ಣು ಗಾಲಿಗೆ ಹಿಟ್ಟಿನಂತೆ ಮೆತ್ತಿಕೊಂಡು ಸೈಕಲ್ಲೇ ನಿಮ್ಮ ಹೆಗಲೇರುತ್ತದೆ.

ಕೃಷ್ಣೆಯ ಕಡೆ, ಬಸವನಬಾಗೇವಾಡಿ ದಾಟಿ ನಿಡಗುಂದಿ, ಆಲಮಟ್ಟಿಗೆ ಇಳಿದರೆ ಮಾತ್ರ ಮರ ಅನ್ನುವಂಥ ಮರ ಕಾಣುತ್ತವೆ. 1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿ ಅಡಿಗಲ್ಲು ಇಟ್ಟ ಅಣೆಕಟ್ಟು ಅದು. ಸುತ್ತಲಿನ ಮಡ್ಡಿಯಲ್ಲಿ ಅರಣ್ಯ ಇಲಾಖೆಯವರು ನೆಟ್ಟು ಬೆಳೆಸಿದ್ದಾರೆ. ಅಲ್ಲಿಂದ ಹಿನ್ನೀರಿನ ಅಂಚು ಹಿಡಿದು ಕೊಲ್ಹಾರದ ಕಡೆ ಹೋಗುವುದು ನಮಗೆ ಎಲ್ಲಕ್ಕಿಂತ ಇಷ್ಟವಾದ ಸವಾರಿ. ಕೊಲ್ಹಾರದಲ್ಲಿ ಗಡಿಗೆ ಮೊಸರು ತಿನ್ನದೆ ಮುಂದೆ ಹೋಗುವುದು ಶಕ್ಯವಿಲ್ಲ, ಮೂವರಲ್ಲಿ ಒಬ್ಬರು ಎರಡು ಸಲ ತಿಂದರು. ಹಿನ್ನೀರಿನ ದಂಡೆಯಲ್ಲಿ ಕೆಲವು ದಾರಿಗಳು ನೇರ ನೀರಿಗೆ ಇಳಿದು ಹೋಗುತ್ತವೆ. ಅವು ಮುಳುಗಿದ ಹೊಲಗಳ, ಮುಳುಗಿದ ಊರುಗಳ ದಾರಿ. ಈಗ ನೀರು ನಿಲ್ಲುವುದು 519.60 ಮೀಟರಿಗೆ. 524.256 ಮೀಟರಿಗೆ ಏರಿಸುವ ಯೋಜನೆ ಜಾರಿಯಾದರೆ ನಾವು ಸೈಕಲ್ ಹೊಡೆದ ಅಂಚೂ ಒಳಗೆ ಹೋಗುತ್ತದೆ.

ಹೋಗುವವರಿಗೆ ಎರಡು ಮಾತು. ನೆಗ್ಗಿನ ಮುಳ್ಳು, ಜಾಲಿ ಮುಳ್ಳು ಟೈರ್ ಬಿಡುವುದಿಲ್ಲ, ಪಂಕ್ಚರ್ ಸಾಮಾನು ಮತ್ತು ಪಂಪು ಇಲ್ಲದೆ ಹೊರಡಬೇಡಿರಿ. ನಮ್ಮೊಳಗೇ ಪಂಕ್ಚರ್ ಅಂಗಡಿಯವ ಇದ್ದರೂ ಒಂದೇ ದಿನ ನಾಲ್ಕು ಸಲ ಕೂತೆವು. ಗಾಳಿ ಸ್ವಲ್ಪ ಕಡಿಮೆ ಇಡಿರಿ, ಕೈ ನೋಯುವುದಿಲ್ಲ. ಬೆಳೆ ನಿಂತ ಹೊಲದಲ್ಲಿ ಯಾರನ್ನೂ ಕೇಳದೆ ಕಾಲಿಡಬೇಡಿರಿ. ಕೇಳಿದರೆ ಬೇಡ ಅಂದವರು ನಮಗೆ ಒಬ್ಬರೂ ಸಿಗಲಿಲ್ಲ, ರೊಟ್ಟಿ ಕೊಟ್ಟವರು ಸಿಕ್ಕರು.

ಭೀಮಾ ದಂಡೆಯ ಆ ಮುಚ್ಚಿದ ದಾರಿಗೆ ಹಿಂದಿನ ಹೊಲಗಳವರು ಸೇರಿ ಅರ್ಜಿ ಬರೆದಿದ್ದಾರೆ. ನಕಾಶೆಯ ಪ್ರತಿ ನಾವು ಪ್ರಿಂಟ್ ತೆಗೆಸಿ ಕೊಟ್ಟೆವು. ಒಂದು ಪ್ರತಿ ಕಾಕಾಗೂ ಕೊಟ್ಟೆವು. ಅವರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿ, ಜೋಡಿ ಚುಕ್ಕಿ ಗೆರೆಯ ಮೇಲೆ ಬೆರಳಿಟ್ಟು, “ಅಳೀಲಿ, ಬ್ಯಾಡನ್ನಂಗಿಲ್ಲ. ಆದ್ರ ಎರಡೂ ಕಡಿ ಅಳೀಬೇಕು. ಮತ್ತ ಜೋಳಾ ಕಿತ್ತ ಮ್ಯಾಲೆ ಬರಾಕ ಹೇಳ್ರಿ” ಅಂದರು. ಆ ಮಾತನ್ನು ಅರ್ಜಿಯ ಕೆಳಗೆ ಇನ್ನೊಂದು ಸಾಲಾಗಿ ಸೇರಿಸಿ ಮಾಸ್ತರ ತಹಶೀಲ್ದಾರ್ ಕಚೇರಿಗೆ ಒಯ್ದು ಕೊಟ್ಟಿದ್ದಾರೆ.