ಬೆಳ್ಳಿ ನಾಣ್ಯದ ತೇರು

ಮಕ್ಕಳೇ, ನಮ್ಮ ಕೋಟೇಶ್ವರವನ್ನು ನೋಡಬೇಕಾದರೆ ವೃಶ್ಚಿಕ ಮಾಸದ ಹುಣ್ಣಿಮೆಗೆ ಬನ್ನಿ. ಅಂದು ಕೋಟಿಲಿಂಗೇಶ್ವರನ ರಥೋತ್ಸವ. ಇಲ್ಲಿಯವರ ಬಾಯಲ್ಲಿ ಅದು ಕೊಡಿ ಹಬ್ಬ. ಭಕ್ತರು ಕೋಟಿತೀರ್ಥ ಕೆರೆಯ ಸುತ್ತ ಅಕ್ಕಿ ಹಾಕುತ್ತ ಸುತ್ತಕ್ಕಿ ಸೇವೆ ಸಲ್ಲಿಸುತ್ತಾರೆ. ಹೊಸದಾಗಿ ಮದುವೆಯಾದವರು ಕಬ್ಬಿನ ಕೊಡಿಯನ್ನು ಮನೆಗೆ ಒಯ್ಯುತ್ತಾರೆ. ಎಲ್ಲರ ಕಣ್ಣು ಮಾತ್ರ ತೇರಿನ ಮೇಲೆ.

ದೇವರನ್ನು ತೇರಿನಲ್ಲಿ ಕೂರಿಸಿ ನೋಡುವ ಆಸೆ ದೂರದ ರೋಮಿನವರಿಗೂ ಇತ್ತು. ಅವರು ತೇರನ್ನು ಬೆಳ್ಳಿ ನಾಣ್ಯದ ಮೇಲೇ ಅಚ್ಚೊತ್ತಿದರು. ಆ ನಾಣ್ಯದ ಹೆಸರು ಡಿನೇರಿಯಸ್. ಸುಮಾರು ಕ್ರಿ.ಪೂ. 211ರಲ್ಲಿ ಹೊರಟ ಮೊದಲ ನಾಣ್ಯಗಳಲ್ಲಿ ಒಂದು ಕಡೆ ಶಿರಸ್ತ್ರಾಣ ಧರಿಸಿದ ರೋಮಾ ದೇವಿ, ಇನ್ನೊಂದು ಕಡೆ ಕುದುರೆಯೇರಿದ ಅವಳಿ ದೇವರು ಕ್ಯಾಸ್ಟರ್ ಮತ್ತು ಪೊಲಕ್ಸ್. ಅಜ್ಜಿಯಂದಿರಿಗೆ ಅಶ್ವಿನೀ ದೇವತೆಗಳ ನೆನಪಾದೀತು. ಆಮೇಲೆ ಎರಡು ಕುದುರೆಯ ತೇರಿನಲ್ಲಿ ಚಂದ್ರದೇವಿ ಲೂನಾ, ನಾಲ್ಕು ಕುದುರೆಯ ತೇರಿನಲ್ಲಿ ಸಿಡಿಲು ಹಿಡಿದ ಜೂಪಿಟರ್ ಬಂದರು. ಸಿಡಿಲು ಎಂದರೆ ನಮ್ಮ ಇಂದ್ರನ ವಜ್ರಾಯುಧ ಇದ್ದಂತೆ!

ಈ ಬೆಳ್ಳಿ ಸಮುದ್ರ ದಾಟಿ ನಮ್ಮ ನಾಡಿಗೂ ಬಂತು. 1891ರಲ್ಲಿ ಬೆಂಗಳೂರಿನ ಯಶವಂತಪುರದಲ್ಲಿ ಇಂಥ 163 ನಾಣ್ಯಗಳು ಸಿಕ್ಕಿದವು. ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ ಚಕ್ರವರ್ತಿಗಳಾದ ಅಗಸ್ಟಸ್ ಮತ್ತು ಟೈಬೀರಿಯಸ್ಸರ ನಾಣ್ಯಗಳು ದೊರೆತಿವೆ. ಟೈಬೀರಿಯಸ್ಸನ ನಾಣ್ಯದ ಹಿಂಬದಿ ಕೈಯಲ್ಲಿ ಕೊಂಬೆ ಹಿಡಿದು ಕುಳಿತ ಹೆಂಗಸಿದ್ದಾಳೆ. ಶಾಂತಿದೇವತೆ ಎಂದು ಕೆಲವರು, ಅವನ ತಾಯಿ ಲಿವಿಯಾ ಎಂದು ಕೆಲವರು ಹೇಳುತ್ತಾರೆ.

ಆ ದೇವರುಗಳ ಹೆಸರೂ ಗೊತ್ತಿಲ್ಲದ ನಮ್ಮವರು ನಾಣ್ಯವನ್ನು ನಂಬಿದ್ದು ಹೇಗೆ? ರೋಮಿನ ಲೇಖಕ ಪ್ಲಿನಿ ಒಂದು ಕಥೆ ಹೇಳುತ್ತಾನೆ. ಲಂಕೆಯ ಅರಸನೊಬ್ಬ ಡಿನೇರಿಯಸ್‌ಗಳನ್ನು ನೋಡಿದ. ಬೇರೆ ಬೇರೆ ಚಕ್ರವರ್ತಿಗಳ ಮುಖ ಇದ್ದರೂ ಎಲ್ಲದರ ತೂಕ ಒಂದೇ! ಇವರು ಪ್ರಾಮಾಣಿಕರು ಎಂದು ಮೆಚ್ಚಿದನಂತೆ. ಬ್ಯಾಂಕಿನಲ್ಲಿ ಹಣ ಎಣಿಸಿಯೇ ಬದುಕಿದ ನನಗೆ ಇದು ಬಹಳ ಇಷ್ಟದ ಕಥೆ. ಮುಂದೆ ಕ್ರಿ.ಶ. 64ರಲ್ಲಿ ನೀರೋ ಚಕ್ರವರ್ತಿ ನಾಣ್ಯದ ತೂಕವನ್ನು ಸುಮಾರು 3.9 ಗ್ರಾಮಿನಿಂದ 3.4ಕ್ಕೆ ಇಳಿಸಿದ. ನಮ್ಮ ದೇಶದಲ್ಲಿ ಸಿಗುವ ರೋಮನ್ ಬೆಳ್ಳಿ ಹೆಚ್ಚಾಗಿ ಅದಕ್ಕೂ ಹಿಂದಿನದು. ಚಿತ್ರ ಕಣ್ಣಿಗೆ ಹಬ್ಬ, ವ್ಯಾಪಾರಿ ನೋಡುವುದು ತೂಕವನ್ನು.

ಕೋಟೇಶ್ವರದಿಂದ ದಕ್ಷಿಣಕ್ಕೆ ಹೋದರೆ ಬಾರಕೂರು. ಅಲ್ಲಿಂದ ಆಳಿದ ಆಳುಪರ ನಾಣ್ಯದಲ್ಲಿ ಜೋಡಿ ಮೀನು, ಮುಂದೆ ವಿಜಯನಗರದ ನಾಣ್ಯಗಳಲ್ಲಿ ಹನುಮಂತ, ಗರುಡ, ಉಮಾಮಹೇಶ್ವರ. ಈ ಸಲ ಕೊಡಿ ಹಬ್ಬದಲ್ಲಿ ಅಜ್ಜ ನಾಣ್ಯ ಕೊಟ್ಟರೆ ಕೂಡಲೇ ಮಿಠಾಯಿ ಅಂಗಡಿಗೆ ಓಡಬೇಡಿ. ಮೊದಲು ಎರಡೂ ಬದಿ ತಿರುಗಿಸಿ ನೋಡಿ, ಅಜ್ಜನನ್ನು ಕೇಳಿ.