ಮನೆ ಮುಂದ್ಲ ಕಾಂಕ್ರೀಟು, ನೀರಿನ ಲೆಕ್ಕ

ಮನೆ ಮುಂದ್ಲ ಜಾಗಕ್ಕೆ ಕಾಂಕ್ರೀಟ್ ಹಾಕ್ಸೋ ಮಾತು ಬಂದ್ರೆ ನಮ್ಮ ಕಡೆ ಗಂಡಸ್ರೇ ಕೂತು ತೀರ್ಮಾನ ಮಾಡ್ತಾರೆ. ಎಷ್ಟು ಮೂಟೆ ಸಿಮೆಂಟು, ಎಷ್ಟು ಲೋಡ್ ಜಲ್ಲಿ, ಮೇಸ್ತ್ರಿಗೆ ಎಷ್ಟು ಕೂಲಿ, ಅಲ್ಲಿಗೆ ಮುಗೀತು. ಆದ್ರೆ ಅದರ ಮೇಲೆ ಬೆಳಿಗ್ಗೆ ಎದ್ದು ನೀರು ಹಾಕಿ ಗುಡಿಸೋರು ಯಾರು? ರಂಗೋಲಿ ಬುಡೋರು ಯಾರು? ರಾಗಿ, ಹುರುಳಿ, ಅವರೆಕಾಳು ಒಣಗಾಕೋರು ಯಾರು? ವಯಸ್ಸಾದೋರ ಕೈ ಹಿಡ್ಕೊಂಡು ನಡೆಸೋರು ಯಾರು? ನಾವೇ ತಾನೆ. ಅದಕ್ಕೇ ಈ ಸಲ ಗಾರೆ ಕೆಲಸದ ವಿಚಾರ ಬರೀತಿದ್ದೀನಿ. ನಾನು ಓದಿದ್ದು ಪಿಯುಸಿನೇ. ಆದ್ರೂ ದಿನಾ ಹಿಟ್ಟು ತೊಳಸೋ ಕೈಗೆ ಕಾಂಕ್ರೀಟು ಅರ್ಥ ಆಗದೆ ಇರೋ ವಸ್ತು ಅಲ್ಲ ಕಣ್ರೀ.

ನಮ್ಮೂರು ರಾಮನಗರದಿಂದ ಮಾಗಡಿಗೆ ಹೋಗೋ ದಾರೀಲಿ ಸ್ವಲ್ಪ ಒಳಕ್ಕೆ ಅದೆ. ಸುತ್ತ ಎಲ್ಲಿ ನೋಡಿದ್ರೂ ಬಂಡೆ. ಈ ಕಲ್ಲಿಗೆ ಭೂಗರ್ಭ ಶಾಸ್ತ್ರದೋರು ಕ್ಲೋಸ್‌ಪೇಟೆ ಗ್ರಾನೈಟು ಅಂತ ಹೆಸರಿಟ್ಟವ್ರೆ. ಕ್ಲೋಸ್‌ಪೇಟೆ ಅಂದ್ರೆ ರಾಮನಗರದ ಹಳೇ ಹೆಸರು. ಸುಮಾರು 250 ಕೋಟಿ ವರ್ಷದ ಕಲ್ಲಂತೆ. ಹಂಗಾಗಿ ಜಲ್ಲಿ ಗಟ್ಟಿಯಾಗಿಲ್ಲ ಅನ್ನೋ ಮಾತು ನಮ್ಮ ಕಡೆ ಬರೋ ಹಂಗೇ ಇಲ್ಲ. ಆದ್ರೂ ಚನ್ನಪಟ್ಟಣದ ಹತ್ರ ನಮ್ಮ ನೆಂಟರ ಮನೇಲಿ ಎರಡೇ ವರ್ಷಕ್ಕೆ ಮುಂದ್ಲ ಕಾಂಕ್ರೀಟು ಪುಡಿ ಎದ್ದು, ಗುಡಿಸಿದಷ್ಟೂ ಬೂದಿ ಬೂದಿ ಬರ್ತಿತ್ತು. ಸಿಮೆಂಟು ಒಳ್ಳೇದೇ, ಜಲ್ಲೀನೂ ಒಳ್ಳೇದೇ. ಹಾಕ್ದೋನು ಕಲಸುವಾಗ ಪೈಪು ಹಿಡ್ದು ನೀರು ಬುಟ್ಟಿದ್ದ, ಹಾಕಿದ್ಮೇಲೆ ಎರಡು ದಿನಕ್ಕೆ ನೀರು ನಿಲ್ಸಿದ್ದ. ನೀರು ಬೇಡದ ಹೊತ್ತಲ್ಲಿ ಜಾಸ್ತಿ ಬಿತ್ತು, ಬೇಕಾದ ಹೊತ್ತಲ್ಲಿ ಬೀಳ್ಲಿಲ್ಲ. ಕಾಂಕ್ರೀಟಿನ ಒಳ್ಳೇದು ಕೆಟ್ಟದ್ದು ಮುಕ್ಕಾಲು ಪಾಲು ಇಷ್ಟರಲ್ಲೇ ಅದೆ.

ಕಾಂಕ್ರೀಟು ಒಣಗಿ ಗಟ್ಟಿಯಾಯ್ತದೆ ಅಂತ ತುಂಬ ಜನ ತಿಳ್ಕೊಂಡವ್ರೆ. ಅದು ಹಪ್ಪಳ ಸಂಡಿಗೆ ಅಲ್ಲ. ಸಿಮೆಂಟು ನೀರಿನ ಜೊತೆ ಸೇರಿ, ಅವೆರಡೂ ಬೇರೆ ವಸ್ತುನೇ ಆಗಿ ಜಲ್ಲಿ ಮರಳನ್ನ ಹಿಡ್ಕೊಳ್ತದೆ. ನೀರೊಳಗೆ ಮುಳುಗಿಸಿದ್ರೂ ಕಾಂಕ್ರೀಟು ಗಟ್ಟಿಯಾಯ್ತದೆ. ಆದ್ರೆ ಆ ಕೆಲಸಕ್ಕೆ ಬೇಕಾಗೋ ನೀರು ಸಿಮೆಂಟಿನ ತೂಕದಲ್ಲಿ ಸುಮಾರು ಕಾಲು ಭಾಗ ಅಷ್ಟೇ. ಮಿಕ್ಕಿದ್ದು ಕಲಸೋಕೆ ಕೈ ಆಡ್ಲಿ ಅಂತ ಹಾಕೋದು. ಅದು ಆಮೇಲೆ ಆವಿಯಾಗಿ ಹೋಗಿ ಒಳಗೆಲ್ಲ ಸಣ್ಣ ಸಣ್ಣ ತೂತು ಬುಡ್ತದೆ. ಎಸರು ಜಾಸ್ತಿ ಆದ ಹಿಟ್ಟು ಉಂಡೆ ಕಟ್ಟೋಕೆ ಬರ್ದೆ ಅಂಬಲಿ ಆಗೋ ಹಂಗೆ, ನೀರು ಜಾಸ್ತಿಯಾದ ಕಾಂಕ್ರೀಟು ನೋಡೋಕೆ ಗಟ್ಟಿಯಾದ್ರೂ ಒಳಗೆ ಪೊಳ್ಳು.

ಲೆಕ್ಕಕ್ಕೆ ಬರೋಣ. 50 ಕೆಜಿ ಮೂಟೆಗೆ ಎಲ್ಲಾ ಸೇರಿ 25 ಲೀಟರ್ ನೀರು ಅನ್ನೋದು ನೆನಪಿಟ್ಕೊಳ್ಳೋಕೆ ಸುಲಭ. ಮರಳು ನೆಂದಿದ್ರೆ ಅದಕ್ಕಿಂತ ಕಮ್ಮಿ, ಯಾಕಂದ್ರೆ ಮರಳಲ್ಲೇ ನೀರಿರ್ತದೆ. ಎಂ 20 ಅಂತಾರಲ್ಲ, ಅದಕ್ಕೆ ಒಂದು ಪಾಲು ಸಿಮೆಂಟು, ಒಂದೂವರೆ ಪಾಲು ಮರಳು, ಮೂರು ಪಾಲು ಜಲ್ಲಿ. ಕಾರು ಓಡಾಡೋ ಜಾಗಕ್ಕೆ ಇದಕ್ಕಿಂತ ಇಳೀಬೇಡಿ. ಬರೀ ಜನ ನಡೆಯೋ ದಾರಿಗೆ ಒಂದು, ಎರಡು, ನಾಕು ಹಾಕಿದ್ರೂ ಆಯ್ತದೆ. ನಮ್ಮ ಜಾಗ 20 ಅಡಿಗೆ 15 ಅಡಿ, ನಾಕಿಂಚು ದಪ್ಪ. ಅಂದ್ರೆ 100 ಘನ ಅಡಿ. ಅದಕ್ಕೆ ಹೆಚ್ಚು ಕಮ್ಮಿ 23 ಮೂಟೆ ಸಿಮೆಂಟು, 42 ಘನ ಅಡಿ ಮರಳು, 84 ಘನ ಅಡಿ ಮುಕ್ಕಾಲಿಂಚು ಜಲ್ಲಿ ಬೇಕು. ಮೇಸ್ತ್ರಿ 15 ಮೂಟೆ ಸಾಕು ಅಂದ್ರೆ ಉಳಿತಾಯ ಅಂತ ಖುಷಿ ಪಡಬೇಡಿ, ಎಲ್ಲಿ ಕಮ್ಮಿ ಮಾಡ್ತೀರಪ್ಪ ಅಂತ ಕೇಳಿ. ಟ್ರ್ಯಾಕ್ಟರು ನಿಲ್ಲೋ ಮನೆಗೆ ನಾಕಿಂಚು ಸಾಲ್ದು, ಆರಿಂಚು ಬೇಕು.

ಈಗ ಹೊಳೆ ಮರಳು ಸಿಗೋದೇ ಕಷ್ಟ, ಎಲ್ಲಾರ ಮನೆಗೂ ಬರೋದು ಎಂ ಸ್ಯಾಂಡೇ. ಕಲ್ಲು ಪುಡಿ ಮಾಡಿ, ಜರಡಿ ಹಿಡ್ದು, ತೊಳ್ದು ಕೊಡೋದು ಎಂ ಸ್ಯಾಂಡು. ಕ್ರಷರಿನ ದೂಳೇ ಬೇರೆ. ಎರಡೂ ಬೂದಿ ಬಣ್ಣ, ಲಾರೀಲಿ ನೋಡಿದ್ರೆ ಗೊತ್ತಾಗಾಕಿಲ್ಲ. ಹಿಟ್ಟಿನಂಗಿರೋ ನುಣ್ಣನೆ ಪುಡಿ ನೂರಕ್ಕೆ 15 ಭಾಗ ದಾಟಬಾರ್ದು ಅಂತ ನಿಯಮ ಅದೆ. ಮನೇಲಿ ಅಷ್ಟು ನಿಖರವಾಗಿ ಅಳೆಯೋಕೆ ಆಗ್ದೆ ಇದ್ರೂ, ಗಾಜಿನ ಲೋಟದಲ್ಲಿ ಅರ್ಧ ಮರಳು ಹಾಕಿ, ನೀರು ಹುಯ್ದು, ಚೆನ್ನಾಗಿ ಕುಲುಕಿ ಒಂದೆರಡು ಗಂಟೆ ಬುಟ್ಟು ನೋಡಿ. ಮೇಲೆ ಕೆನೆ ಕಟ್ಟಿದಂಗೆ ದಪ್ಪಕ್ಕೆ ದೂಳು ಕೂತಿದ್ರೆ ಲೋಡು ಇಳಿಸ್ಕೋಬೇಡಿ. ದೂಳು ಜಾಸ್ತಿ ಇದ್ದಷ್ಟೂ ಅದು ನೀರು ಜಾಸ್ತಿ ಕೇಳ್ತದೆ. ಪಿ ಸ್ಯಾಂಡ್ ಅಂತ ಇನ್ನೊಂದು ಬರ್ತದೆ, ಅದು ಗಿಲಾವಿಗೆ. ಸಿಮೆಂಟು ಮೂಟೆ ಮೇಲೆ ತಯಾರಾದ ವಾರ, ತಿಂಗಳು ಅಚ್ಚಾಗಿರ್ತದೆ, ಮೂರು ತಿಂಗಳು ದಾಟಿದ್ದು ಬೇಡ. ಕೈ ಒಳಗೆ ಹಾಕಿದ್ರೆ ತಣ್ಣಗಿರ್ಬೇಕು, ಗಂಟಿರಬಾರ್ದು.

ಕಾಂಕ್ರೀಟಿನ ಅಡೀಲಿರೋ ಮಣ್ಣು ಕೂತಿಲ್ಲ ಅಂದ್ರೆ ಮೇಲೆ ಏನು ಹಾಕಿದ್ರೂ ಸೀಳ್ತದೆ. ಮಣ್ಣು ತುಂಬುವಾಗ ಆರಾರಿಂಚಿಗೆ ನೀರು ಹಾಕಿ, ದಿಮ್ಮಸು ಹೊಡ್ದು ಕೂರಿಸ್ಬೇಕು. ಮನೆಯಿಂದ ಬೀದಿ ಕಡೆಗೆ ವಾಟ ಇರ್ಬೇಕು. ನಮ್ಮ 15 ಅಡಿಗೆ ಮೂರಿಂಚು ಇಳಿಸಿದ್ವಿ. ಪಕ್ಕದ ಮನೆ ಗೋಡೆ ಕಡೆಗೆ ಇಳಿಸಿ ಜಗಳ ಕಟ್ಕೋಬೇಡಿ.

ಇನ್ನು ಬಿರುಕಿನ ಮಾತು. ಕಾಂಕ್ರೀಟು ಗಟ್ಟಿಯಾಗ್ತಾ ಸ್ವಲ್ಪ ಕುಗ್ತದೆ, ಎಲ್ಲಾದ್ರೂ ಬಿಡಲೇಬೇಕು. ಅದು ಎಲ್ಲಿ ಬಿಡ್ಬೇಕು ಅಂತ ನಾವು ಮೊದಲೇ ಗೆರೆ ಎಳ್ದು ತೋರಿಸ್ಬೇಕು. ನಾಕಿಂಚು ದಪ್ಪಕ್ಕೆ ಎಂಟರಿಂದ ಹತ್ತು ಅಡಿಗೊಂದು ಗೆರೆ, ಒಂದಿಂಚು ಆಳ. ನಮ್ಮದನ್ನ ನಾಕು ಪಾಲು ಮಾಡ್ಸಿದೆ. ಅಷ್ಟು ನುಣ್ಣಗೆ ಒಂದೇ ಹಾಸು ಕಾಣ್ತಿತ್ತು, ಸುಮ್ನೆ ಯಾಕೆ ಕುಯ್ಯಿಸ್ತೀಯ ಅಂತ ನಮ್ಮ ಯಜಮಾನ್ರು ಬೇಜಾರು ಮಾಡ್ಕೊಂಡ್ರು. ಗೆರೆ ಇಲ್ದೆ ಇದ್ರೆ ಅದೇ ಅಂಕುಡೊಂಕಾಗಿ ಬರ್ಕೊಳ್ತದೆ ಕಣ್ರೀ ಅಂದೆ. ಗೋಡೆಗೂ ಅಂಟಿಸ್ಲಿಲ್ಲ, ನಡುವೆ ಅರ್ಧ ಇಂಚು ಥರ್ಮಾಕೋಲ್ ಇಡಿಸಿದ್ವಿ.

ಹಾಕೋ ದಿನ ನಾನು ಒಂದು ಬಕೀಟಿಗೆ ಅಳತೆ ಗುರುತು ಹಾಕಿ ಮಿಕ್ಸರಿನ ಪಕ್ಕ ನಿಂತ್ಕೊಂಡೆ. "ಅಕ್ಕಾ, ನೀವು ಒಳಕ್ಕೋಗಿ ಕಾಫಿ ಮಾಡಿ, ನಾವು ನೋಡ್ಕತೀವಿ" ಅಂದ್ರು ಮೇಸ್ತ್ರಿ. ಕಾಫಿ ಆಗ್ಲೇ ಫ್ಲಾಸ್ಕಲ್ಲಿತ್ತು. ಸ್ವಲ್ಪ ಹೊತ್ತಿಗೆ, "ಗಟ್ಟಿ ಅದೆ ಅಕ್ಕಾ, ಕೈ ಬರಾಕಿಲ್ಲ, ಇನ್ನೊಂದು ಬಕೀಟು ಬುಡ್ತೀನಿ" ಅಂದ್ರು. "ಏನಪ್ಪಾ, ಹಿಟ್ಟು ಗಟ್ಟಿಯಾಯ್ತು ಅಂತ ತಟ್ಟೆಗಿಟ್ಟ ಮೇಲೆ ನೀರು ಹುಯ್ಕೊಂಡು ಉಂಡಿದ್ದೀಯಾ?" ಅಂದೆ. ಹುಡುಗರೆಲ್ಲ ನಕ್ಕುಬಿಟ್ರು, ಮೇಸ್ತ್ರೀನೂ ನಕ್ರು. ಆಮೇಲೆ ಬಾಡಿಗೆಗೆ ತಂದಿದ್ದ ವೈಬ್ರೇಟರ್ ಹಾಕಿದ್ರು, ಗಟ್ಟಿ ಕಾಂಕ್ರೀಟೂ ಜಾಗ ಹಿಡ್ಕೊಂಡು ಕೂತ್ಕೊಳ್ತು. ಸಡಿಲ ಬೇಕೇ ಬೇಕು ಅಂದ್ರೆ ನೀರಿನ ಜೊತೆ ಲೆಕ್ಕಕ್ಕೆ ತಕ್ಕಂಗೆ ಸಿಮೆಂಟೂ ಹಾಕ್ಬೇಕು. ರೆಡಿಮಿಕ್ಸ್ ಲಾರಿ ತರಿಸೋರಿಗೂ ಇದೇ ಮಾತು. ಲಾರೀಗೆ ತುಂಬಿದ ಎರಡು ಗಂಟೇಲಿ ಇಳಿಸ್ಬೇಕು, ಚೀಟೀಲಿ ತುಂಬಿದ ಹೊತ್ತು ಬರ್ದಿರ್ತದೆ, ನೋಡಿ. ದಾರೀಲಿ ತಡವಾಯ್ತು ಅಂತ ಮನೆ ಹತ್ರ ನೀರು ಸೇರಿಸೋಕೆ ಬುಡಬೇಡಿ.

ನಾನು ಇಷ್ಟು ಹಟ ಹಿಡಿಯೋಕೆ ಕಾರಣ ನಮ್ಮತ್ತೆ. ಅವ್ರಿಗೆ ಎಂಬತ್ತು ದಾಟದೆ, ವಾಕರ್ ಹಿಡ್ದು ನಡೀತಾರೆ. ಹಳೇ ಅಂಗಳದಲ್ಲಿ ಚಪ್ಪಡಿ ಎದ್ದು ಕಾಲಿಗೆ ಸಿಗೋದು, ಅದಕ್ಕೇ ಅವ್ರು ಜಗಲಿ ಇಳಿಯೋದೇ ಬುಟ್ಟಿದ್ರು. ಕಾಂಕ್ರೀಟು ಪುಡಿ ಎದ್ದು ಗುಂಡಿ ಬಿದ್ರೆ ಅವ್ರ ಪಾಲಿಗೆ ಅದೂ ಅಷ್ಟೆ. ಮೇಸ್ತ್ರಿಗಳಿಗೆ ಕೊನೇಲಿ ಒಣ ಸಿಮೆಂಟು ಉದುರಿಸಿ, ಕರಣೆ ಎಳ್ದು ಕನ್ನಡಿ ಹಂಗೆ ಮಾಡೋ ಆಸೆ. ಅದು ಬೇಡ. ಆ ಪದರ ಆಮೇಲೆ ಹೆಪ್ಪಳಿಸಿ ಏಳ್ತದೆ, ಮಳೇಲಿ ಜಾರ್ತದೆ. ಮೇಲಿನ ನೀರು ಆರಿದ್ಮೇಲೆ ಪೊರಕೆ ಎಳ್ದು ಸಣ್ಣ ಗೆರೆ ಮಾಡ್ಸಿ. ರಂಗೋಲಿ ಬುಡೋಕೆ ಬಾಗಿಲ ಮುಂದೆ ಎರಡಡಿ ಮಾತ್ರ ನಯ ಮಾಡ್ಸಿದೆ.

ಚರಂಡಿ ಮೇಲೆ ಹಾಕೋ ಚಪ್ಪಡಿ ಮಾತ್ರ ಬೇರೆ ಲೆಕ್ಕ. ನೆಲದ ಮೇಲಿರೋ ಕಾಂಕ್ರೀಟಿಗೆ ಅಡೀಲಿ ಮಣ್ಣು ಆಸರೆ, ಇದಕ್ಕೆ ಅಡೀಲಿ ಏನೂ ಇಲ್ಲ. ಕಾರು ಹತ್ತಿದಾಗ ತಳದ ಕಡೆ ಎಳ್ಕೊಳ್ತದೆ, ಅದಕ್ಕೆ ಕಂಬಿ ತಳದ ಹತ್ರನೇ ಇರ್ಬೇಕು, ಅದರ ಕೆಳಗೆ ಮುಚ್ಚೋಕೆ ಮಾತ್ರ ಒಂದಿಂಚು ಕಾಂಕ್ರೀಟು. ಕಂಬಿ ಮೇಲಕ್ಕೆ ಬಂದ್ರೆ ಹಾಕಿದ್ದೂ ದಂಡ. ಕಂಬಿ ಲೆಕ್ಕಾನ ಇಂಜಿನಿಯರ್ ಹತ್ರ ಬರ್ಸಿ.

ಗೇಟಿನ ಪಕ್ಕ ಎರಡಡಿ ಅಗಲ ಮಣ್ಣು ಹಂಗೇ ಬುಡ್ಸಿದೀನಿ, ದಾಸವಾಳ, ಕರಿಬೇವು ಅವೆ. 2022ರ ಆಗಸ್ಟ್ ಕೊನೇಲಿ ರಾಮನಗರದ ಹತ್ರ ಮೈಸೂರು ಹೆದ್ದಾರಿ ಮೇಲೆ ನೀರು ನಿಂತು ಬಸ್ಸು ಕಾರು ಸಿಕ್ಕಾಕೊಂಡಿದ್ದು ನಿಮಗೂ ನೆನಪಿರ್ಬೇಕು. ಎಲ್ಲಾರೂ ಬಾಗಿಲಿಂದ ಬೀದಿ ತನಕ ಮುಚ್ಚಿದ್ರೆ ಬಿದ್ದ ಮಳೆ ಎಲ್ಲಿ ಇಂಗ್ಬೇಕು?

ಮೇಸ್ತ್ರಿ ಕೆಲಸ ಹಾಕಿದ ದಿನಕ್ಕೆ ಮುಗೀತದೆ, ನಮ್ಮದು ಮಾರನೇ ದಿನ ಶುರುವಾಯ್ತದೆ. ನಮ್ಮ ಕಡೆ ಅಂಗಡೀಲಿ ಜಾಸ್ತಿ ಸಿಗೋದು ಪಿಪಿಸಿ ಸಿಮೆಂಟು. ಅದು ನಿಧಾನಕ್ಕೆ ಬಲಿಯೋದು, ಕಮ್ಮಿ ಅಂದ್ರೂ 10 ದಿನ ನೆನಿಸ್ಬೇಕು, ಬಿಸಿಲಿದ್ರೆ 14 ದಿನ. ಬರೀ ಓಪಿಸಿ ಆದ್ರೆ 7 ದಿನ. ಬೆಳಿಗ್ಗೆ ಸಂಜೆ ಎರಡು ಸಲ ಚಿಮುಕಿಸಿ ನಡುವೆ ಒಣಗೋಕೆ ಬುಟ್ರೆ ಉಪಯೋಗ ಇಲ್ಲ, ಸದಾ ತೇವ ಇರ್ಬೇಕು. ಗೋಣಿತಾಟು ನೆನ್ಸಿ ಹಾಸಿ, ಮೇಲೆ ಪ್ಲಾಸ್ಟಿಕ್ ಹೊದ್ಸಿದ್ರೆ ನೀರೂ ಉಳೀತದೆ. ಕರೆಂಟು ಬಂದಾಗ ಮಾತ್ರ ಬೋರ್‌ವೆಲ್ ನೀರು ಸಿಗೋ ನಮ್ಮಂಥ ಊರಿಗೆ ಇದೇ ಸರಿ. ಪೂರ್ತಿ ಶಕ್ತಿ ಲೆಕ್ಕ ಹಾಕೋದು 28 ದಿನಕ್ಕೆ, ಅಲ್ಲೀತನಕ ಕಾರು ಬೀದೀಲೇ ಇರ್ಲಿ. ನಮ್ಮತ್ತೆ ಮಾತ್ರ ಐದನೇ ದಿನಕ್ಕೇ ಜಗಲಿ ಇಳಿದು, ಗೋಣಿ ಮೇಲೆ ವಾಕರ್ ಊರಿ, "ಇಲ್ಲಿ ಒಣಗದೆ ನೋಡವ್ವ" ಅಂತ ತೋರಿಸ್ತಿದ್ರು.

ಯಾರ ಮನೇಲಾದ್ರೂ ಈ ಬೇಸ್ಗೇಲಿ ಕಾಂಕ್ರೀಟ್ ಹಾಕ್ಸೋದಿದ್ರೆ, ಹಿಂದ್ಲ ದಿನವೇ ಇಪ್ಪತ್ತೈದು ಗೋಣಿಚೀಲ ಬಿಚ್ಚಿ ಮಡಗ್ರಿ. ಹಾಕಿದ್ಮೇಲೆ ಹುಡುಕಿದ್ರೆ ಊರಲ್ಲಿ ಒಂದೂ ಸಿಗಾಕಿಲ್ಲ.