ಮೇಷ್ಟ್ರು ತಾವೇ ಬರೆದ ಹೋಮ್‌ವರ್ಕ್

ಕಥೆ ಹೇಳುವವರಿಗೆ ಸಿಗಬಹುದಾದ ದೊಡ್ಡ ಭಾಗ್ಯವೆಂದರೆ ‘ಆಮೇಲೆ?’ ಎಂದು ಬಿಡದೆ ಕೇಳುವ ಒಂದು ಮಗು. ಅಮೆರಿಕದ ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೊದಲ್ಲಿ ಮಾಧ್ಯಮಿಕ ಶಾಲೆಯ ಮೇಷ್ಟ್ರಾಗಿದ್ದ ರಿಕ್ ರೈಯರ್ಡನ್ ಅವರಿಗೆ ಆ ಭಾಗ್ಯ ಮನೆಯಲ್ಲೇ ಇತ್ತು. ಎರಡನೇ ತರಗತಿಯ ಮಗನಿಗೆ ಓದು ಬರಹವೆಂದರೆ ಸಂಕಟ. ಡಿಸ್ಲೆಕ್ಸಿಯಾ, ಜೊತೆಗೆ ಎಡಿಎಚ್‌ಡಿ. ಶಾಲೆಯಲ್ಲಿ ಅವನ ಮನಸ್ಸು ನಿಂತದ್ದು ಗ್ರೀಕ್ ಪುರಾಣದ ಮೇಲೆ. ಅಪ್ಪನೋ ಅದನ್ನೇ ತರಗತಿಯಲ್ಲಿ ಪಾಠ ಮಾಡಿದವರು. ಹಾಗಾಗಿ ಮಲಗುವ ಹೊತ್ತಿಗೆ ದೇವರುಗಳೂ ವೀರರೂ ಒಬ್ಬೊಬ್ಬರಾಗಿ ಬಂದು ಹೋದರು. ಗೊತ್ತಿದ್ದ ಕಥೆಗಳೆಲ್ಲ ಮುಗಿದಾಗ ಮಗ ಬಿಡಲಿಲ್ಲ. ಅದೇ ದೇವರುಗಳನ್ನಿಟ್ಟುಕೊಂಡು ಹೊಸ ಕಥೆ ಹೇಳು ಅಂದ.

ಆಗ ಅವರ ನೆರವಿಗೆ ಬಂದದ್ದು ತಾವೇ ಮಕ್ಕಳಿಗೆ ಕೊಟ್ಟಿದ್ದ ಒಂದು ಹೋಮ್‌ವರ್ಕ್. ಆರನೇ ತರಗತಿಯವರಿಗೆ ಅವರು ಹೇಳಿದ್ದಿಷ್ಟು: ನಿಮಗಿಷ್ಟವಾದ ದೇವರನ್ನು ಅಪ್ಪನೋ ಅಮ್ಮನೋ ಆಗಿ ಆರಿಸಿಕೊಳ್ಳಿ, ಆ ದೇವರಿಗೆ ಹುಟ್ಟಿದ ಮಗುವನ್ನು ಸಾಹಸಕ್ಕೆ ಕಳುಹಿಸಿ. ವಾಯುವಿನ ಮಗ ಭೀಮ, ಸೂರ್ಯನ ಮಗ ಕರ್ಣ ಎಂದು ಕೇಳುತ್ತಲೇ ಬೆಳೆದ ನಮಗೆ ಇದು ಎಷ್ಟು ಹತ್ತಿರದ ಆಟ! ಆ ಆಟವನ್ನು ಮೇಷ್ಟ್ರೇ ಆಡಿದರು. ಸಮುದ್ರದೇವ ಪೊಸೈಡನ್‌ನ ಮಗ, ಈ ಕಾಲದ ನ್ಯೂಯಾರ್ಕಿನ ಹುಡುಗ ಪರ್ಸಿ ಜ್ಯಾಕ್ಸನ್ ಹುಟ್ಟಿದ. ಕಥೆ ಮೂರು ರಾತ್ರಿ ನಡೆಯಿತು. ಮುಗಿದಾಗ ಮಗ, ಇದನ್ನು ಬರೆದುಬಿಡು ಅಂದ. ದೊಡ್ಡವರಿಗಾಗಿ ಪತ್ತೇದಾರಿ ಕಾದಂಬರಿಗಳನ್ನು ಬರೆದು ಕೈ ಪಳಗಿದ್ದರೂ, ಮಕ್ಕಳಿಗಾಗಿ ಅವರು ಬರೆದದ್ದು ಇದೇ ಮೊದಲು.

ನನ್ನ ಮನಸ್ಸು ಮತ್ತೆ ಮತ್ತೆ ಹೋಗುವುದು ಆ ಮೂರು ರಾತ್ರಿಗಳಲ್ಲಿ ಹೊಳೆದ ಒಂದು ಯೋಚನೆಯ ಕಡೆಗೆ. ಪರ್ಸಿಗೂ ಡಿಸ್ಲೆಕ್ಸಿಯಾ ಇದೆ, ಯಾಕೆಂದರೆ ಅವನ ಮಿದುಳು ಇಂಗ್ಲಿಷಿಗಲ್ಲ, ಪ್ರಾಚೀನ ಗ್ರೀಕ್ ಭಾಷೆಗೆ ಹೊಂದಿಕೊಂಡು ಹುಟ್ಟಿದ್ದು. ಅವನಿಗೆ ಒಂದು ಕಡೆ ಕೂರಲಾಗುವುದಿಲ್ಲ, ಯಾಕೆಂದರೆ ಅದು ರಣರಂಗದಲ್ಲಿ ಜೀವ ಉಳಿಸುವ ಚುರುಕು. ವೈದ್ಯರು ಇದನ್ನು ಒಪ್ಪಬೇಕಾಗಿಲ್ಲ. ಕಾದಂಬರಿಗೆ ಅದರದೇ ತರ್ಕವಿದೆ. ‘ನೀನೂ ಉಳಿದವರ ಹಾಗೇ ಕಣೋ’ ಎಂದು ಮಗುವಿಗೆ ಸಮಾಧಾನ ಹೇಳುವುದು ಸುಲಭ, ಮಗು ಅದನ್ನು ನಂಬುವುದಿಲ್ಲ. ಇಲ್ಲಿ ತಂದೆ ಕೊಟ್ಟದ್ದು ಸಮಾಧಾನವನ್ನಲ್ಲ, ವಂಶವನ್ನು. ತರಗತಿಯಲ್ಲಿ ಹಿಂದುಳಿದವನೆಂದು ಕರೆಸಿಕೊಂಡ ಎಷ್ಟೋ ಮಕ್ಕಳನ್ನು ಹತ್ತಿರದಿಂದ ಕಂಡ ಮೇಷ್ಟ್ರಿಗಲ್ಲದೆ ಇದು ಹೊಳೆಯುತ್ತಿತ್ತೆ? ನನಗೆ ಅನುಮಾನ. ಆ ಮಗ ಬೆಳೆದು ತಾನೂ ಬರೆದ. 2012ರ ‘ದಿ ಡೆಮಿಗಾಡ್ ಡೈರೀಸ್’ ಸಂಕಲನದಲ್ಲಿ ಅವನ ಕಥೆಯೊಂದಿದೆ.

ಕಾದಂಬರಿಯೊಳಗೂ ಒಬ್ಬ ಮೇಷ್ಟ್ರಿದ್ದಾರೆ. ಗಾಲಿಕುರ್ಚಿಯ ಲ್ಯಾಟಿನ್ ಶಿಕ್ಷಕ ಬ್ರನ್ನರ್. ಕಡಿಮೆ ಅಂಕ ತರುವ ಪರ್ಸಿಯಿಂದ ಎಲ್ಲರಿಗಿಂತ ಹೆಚ್ಚನ್ನು ನಿರೀಕ್ಷಿಸುವವರು ಅವರೊಬ್ಬರೇ. ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನಲ್ಲಿ ಗಣಿತದ ಟೀಚರ್ ರಾಕ್ಷಸಿಯಾಗಿ ಎರಗಿದಾಗ ಬ್ರನ್ನರ್ ಹುಡುಗನತ್ತ ಒಂದು ಪೆನ್ನು ಎಸೆಯುತ್ತಾರೆ. ಕೈ ಸೇರುವಷ್ಟರಲ್ಲಿ ಅದು ಕತ್ತಿ! ಈ ಬ್ರನ್ನರ್ ಬೇರಾರೂ ಅಲ್ಲ, ಅಕಿಲೀಸನಂಥ ವೀರರಿಗೆ ವಿದ್ಯೆ ಕಲಿಸಿದ ಕೈರಾನ್, ಅರ್ಧ ಮನುಷ್ಯ ಅರ್ಧ ಕುದುರೆ. ಪಾಠ ಹೇಳಿ ಬದುಕಿದ ಯಾರಿಗೂ ಆ ಪುಟ ಓದುವಾಗ ಎದೆ ತುಂಬಿ ಬರುತ್ತದೆ.

ಬರವಣಿಗೆಗೆ ಸುಮಾರು ಒಂದು ವರ್ಷ ಹಿಡಿಯಿತು. ಹಸ್ತಪ್ರತಿಯನ್ನು ಅವರು ಆರು, ಏಳು, ಎಂಟನೇ ತರಗತಿಯ ಕೆಲವು ಮಕ್ಕಳ ಕೈಗೆ ಕೊಟ್ಟರು. ಪುಸ್ತಕದ ಹೆಸರಿಗೂ, ಪರ್ಸಿಯ ಕತ್ತಿ ಹೇಗೆ ಕೆಲಸ ಮಾಡಬೇಕೆಂಬುದಕ್ಕೂ ಆ ಮಕ್ಕಳ ನೆರವು ಪಡೆದರು. ಯಾರಿಗಾಗಿ ಬರೆದೆವೋ ಅವರನ್ನೇ ಕೇಳುವ ಈ ವಿನಯ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. 2004ರಲ್ಲಿ ಅವರು ಶಾಲೆ ಬಿಟ್ಟು ಬರವಣಿಗೆಗೇ ನಿಂತರು. ‘ದಿ ಲೈಟ್ನಿಂಗ್ ಥೀಫ್’ 2005ರಲ್ಲಿ ಪ್ರಕಟವಾಯಿತು.

ಆದರೂ ಹೋಮ್‌ವರ್ಕ್ ಕೊಡುವ ಅಭ್ಯಾಸ ಅವರನ್ನು ಬಿಟ್ಟಿಲ್ಲವೇನೋ. ಬೇರೆ ಬೇರೆ ಮೂಲದ ಲೇಖಕರು ತಂತಮ್ಮ ಪುರಾಣಗಳನ್ನು ಮಕ್ಕಳಿಗಾಗಿ ಬರೆಯಲೆಂದು ಅವರ ಹೆಸರಿನಲ್ಲೇ ಒಂದು ಪುಸ್ತಕಮಾಲೆ ಹೊರಟಿತು. 2018ರಲ್ಲಿ ಬಂದ ಅದರ ಮೊದಲ ಪುಸ್ತಕ ರೋಶನಿ ಚೋಕ್ಷಿಯವರ ‘ಅರು ಶಾ ಆ್ಯಂಡ್ ದಿ ಎಂಡ್ ಆಫ್ ಟೈಮ್’. ಅದರಲ್ಲಿ ಪಾಂಡವರು ಹುಡುಗಿಯರಾಗಿ ಮರಳಿ ಹುಟ್ಟಿದ್ದಾರೆ, ಇಂದ್ರನ ಮಗಳು ಅರು ಅಟ್ಲಾಂಟಾದಲ್ಲಿ ಶಾಲೆಗೆ ಹೋಗುತ್ತಿದ್ದಾಳೆ.